ಕ್ಯಾಲಿಪ್ಸೊ ಜೋಗುಳ

ಮುದ್ದೇಬಿಹಾಳ,
೧೨ ಫೆಬ್ರುವರಿ ೨೦೨೫

ಪ್ರೀತಿಯ ಇಂದೂ,

ಹೇಗಿದ್ದೀ? ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಮರಿಮಗಳಿಗೆ ಹಚ್ಚುವುದರಲ್ಲೇ ಶೀಶೆ ಖಾಲಿಯೋ? ಬಾಣಂತಿ ಕೋಮಲ ಅಂಟಿನುಂಡೆ ತಿನ್ನುತ್ತಿದ್ದಾಳೆ ತಾನೆ? ಅಜ್ಜಿ ಎದುರಿಗೆ ಕೂತ ಮೇಲೆ ತಿನ್ನದೆ ಎಲ್ಲಿಗೆ ಹೋದಾಳು! ನಾನು ಗಟ್ಟಿಯಾಗಿದ್ದೇನೆ. ರೊಟ್ಟಿ ಮಾತ್ರ ಶ್ರೀಶೈಲನ ಖಾನಾವಳಿಯದು. ನಿನ್ನ ಕೈರುಚಿ ಅದಕ್ಕೆಲ್ಲಿ ಬರಬೇಕು.

ನಿನ್ನೆ ನಮ್ಮ ಕಿರಿಯ ಮೊಮ್ಮಗಳು ಪ್ರಜ್ಞಾಳ ಕಾಲೇಜಿನಲ್ಲಿ ಗ್ಯಾದರಿಂಗ್ ಇತ್ತು. ಮೈಕ್ ಹಿಡಿದು ಕ್ಯಾಲಿಪ್ಸೊ ಹಾಡುಗಳ ಕಥೆ ಹೇಳಿದಳು. ಕೆರಿಬಿಯನ್ ದ್ವೀಪಗಳ ಕಬ್ಬಿನ ಹೊಲದವರು, ಬಂದರಿನ ಕೂಲಿಗಳು ಹಾಡಿಕೊಂಡಿದ್ದ ಹಾಡುಗಳಂತೆ. ಸಾವಿರದ ಒಂಬೈನೂರ ಐವತ್ತರ ದಶಕದಲ್ಲಿ ಅಮೆರಿಕದ ರೇಡಿಯೊ ಹತ್ತಿ ಎಲ್ಲರಿಗೂ ಹುಚ್ಚು ಹಿಡಿಸಿದವಂತೆ, ರಿಕಾರ್ಡುಗಳು ಲಕ್ಷಗಟ್ಟಲೆ ಮಾರಾಟವಾದವಂತೆ. ಆಮೇಲೆ ಒಂದು ಹಾಡು ಹಚ್ಚಿ ಹುಡುಗಿಯರೆಲ್ಲ ಕುಣಿದರು. ನಾನೂ ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಪಕ್ಕದಲ್ಲಿದ್ದ ಮಗ ಅನಿಲಕುಮಾರ ತಿರುಗಿ, "ಅಪ್ಪಾ, ಇದು ನೀ ಅವ್ವಗ ಕಟ್ಟಿದ ಹಾಡಲ್ಲೇನು? ಅಲ್ಲೀತನಾ ಹೆಂಗ ಹೋತು?" ಎಂದ. ನಿನ್ನ ಜೋಗುಳದ ರಾಗವೆಂದು ಗುರುತು ಹಿಡಿದೇ ಪ್ರಜ್ಞಾ ಬೇಕಂತಲೇ ಆರಿಸಿದ್ದಳು, ಕಳ್ಳಿ! ಕುಣಿಯುತ್ತಿದ್ದ ನನ್ನ ಕಾಲು ಅಲ್ಲಿಗೇ ನಿಂತಿತು.

ಇಂದೂ, ಆ ರಾಗ ನನ್ನದಲ್ಲ. ಐವತ್ತೆರಡು ವರ್ಷಗಳ ಹಿಂದೆ ಆಲಮಟ್ಟಿಯ ಕಚೇರಿಯಲ್ಲಿ ನಕ್ಷೆ ನಕಲು ಮಾಡುತ್ತಿದ್ದಾಗ ಎಂಜಿನಿಯರ್ ಸಾಹೇಬರ ಗ್ರಾಮಾಫೋನಿನಲ್ಲಿ ಕೇಳಿದ್ದು. ನೀನು ಮುನಿಸಿಕೊಂಡು ತಂಗಡಗಿಯ ತವರಿಗೆ ಹೋದಾಗ, ಆ ರಾಗಕ್ಕೆ ನಮ್ಮ ಮಾತು ಕೂಡಿಸಿ ನಿನ್ನೆದುರು ಹಾಡಿದೆ. "ಖರೇನ ನನ್ನ ಸಲುವಾಗಿ ಕಟ್ಟೀರೇನ್ರಿ?" ಎಂದು ಕೇಳಿದ್ದೆ ನೀನು. ನಾನು ಹೂಂ ಅಂದುಬಿಟ್ಟೆ. ಅವತ್ತೇ ಸಂಜೆ ನೀನು ನನ್ನ ಜೊತೆ ಬಸ್ ಹತ್ತಿದೆ. ಆಮೇಲೆ ನಿಜ ಹೇಳಲು ನನಗೆ ಬಾಯಿ ಬರಲೇ ಇಲ್ಲ. ನಮ್ಮ ಮೂರೂ ಮಕ್ಕಳು ಅದೇ ಹಾಡಿಗೆ ಮಲಗಿ ದೊಡ್ಡವರಾದರು.

ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಬೀಗರೆದುರು "ಇದು ನಮ್ಮ ಮನಿಯವರು ಕಟ್ಟಿದ್ದು" ಎಂದು ಹೇಳಿಯೇ ಹಾಡುತ್ತೀಯಂತೆ. ಕೋಮಲ ಫೋನಿನಲ್ಲಿ ಹೇಳಿದಳು. ಯಾರಾದರೂ ಅಲ್ಲೇ ಮೊಬೈಲಿನಲ್ಲಿ ಮೂಲ ಹಾಡು ಹಚ್ಚಿದರೆ ನಿನ್ನ ಮುಖ ಎಲ್ಲಿಡುತ್ತೀ? ಅದಕ್ಕಿಂತ ನಾನು ಬೈಸಿಕೊಳ್ಳುವುದೇ ವಾಸಿ. ಮಾತುಗಳು ಮಾತ್ರ ನನ್ನವೇ. ನೀನಿಲ್ಲದ ಮನೆಯಲ್ಲಿ ಕೂತು ನಿನ್ನನ್ನೇ ನೆನೆಯುತ್ತ ಬರೆದದ್ದು, ಅದರಲ್ಲಿ ಮೋಸವಿಲ್ಲ.

ಕೂಸಿಗೆ ಮುತ್ತಜ್ಜನ ಆಶೀರ್ವಾದ. ಕೋಮಲಳಿಗೆ ನನ್ನ ಹೆಸರಲ್ಲಿ ಇನ್ನೊಂದು ಉಂಡೆ ಕೊಡು.

ಇಂತು ನಿನ್ನ,
ಧರ್ಮರಾಜ

ತಾ.ಕ.: ಅಂಚೆಗೆ ಹಾಕಿದರೆ ಭಾನುವಾರದೊಳಗೆ ಮುಟ್ಟುವ ಭರವಸೆಯಿಲ್ಲವೆಂದು ನಾನೇ ಪ್ರಜ್ಞಾಳನ್ನು ಕರೆದುಕೊಂಡು ಸಿಂದಗಿಗೆ, ನೀವಿರುವ ಮನೆಗೇ ಬಂದಿದ್ದೇನೆ. ಪತ್ರವನ್ನು ಅವಳ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ, ನಾನು ಬಾಗಿಲ ಹೊರಗೆ ನಿಂತಿದ್ದೇನೆ. ಚಪ್ಪಲಿ ಇನ್ನೂ ಬಿಟ್ಟಿಲ್ಲ. ಸಿಟ್ಟಿದ್ದರೆ ಹೇಳಿ ಕಳಿಸು, ನಾಲ್ಕರ ಬಸ್ಸಿಗೆ ತಿರುಗಿ ಹೋಗುತ್ತೇನೆ. ಇಲ್ಲದಿದ್ದರೆ ಒಳಗೆ ಕರೆ. ಬೇಗ ಓದು ಮಾರಾಯ್ತಿ, ಬಿಸಿಲಿದೆ.