ರೋಹಿಣಿ ನಂಬಿ ಹಚ್ಚಿದ ಬೆಂಕಿ

೬ ಮೇ ೧೯೮೬, ಬೆಳಗ್ಗೆ
ಗುಡ್ಡ ಹತ್ತಿ ಇಳಿದೆ. ಹೆಸರಿಗೆ ಫಾರೆಸ್ಟ್ ಗಾರ್ಡ್, ಕಾಯುವುದು ಅರಕೇರಾದ ಒಣ ಹುಲ್ಲು. ಕಾಲಿಟ್ಟರೆ ಪುಡಿಪುಡಿ. ಮೊದಲೆಲ್ಲ ಇಷ್ಟು ಹೊತ್ತಿಗೆ ಮುಂಗಾರಿಗೆ ಮುಂಚಿನ ಅಡ್ಡಮಳೆ ಬಿದ್ದು ಬುಡ ಹಸಿಯಾಗಿರುತ್ತಿತ್ತು. ಈಗ ಕೆಲವು ವರ್ಷದಿಂದ ಅದೂ ಇಲ್ಲ. ಅಪ್ಪ ಕುರಿಗಳನ್ನು ನೀರಿಗೆಂದು ಗೂಗಲ್ ಊರಿನ ಹೊಳೆಗೆ ಹೊಡೆದುಕೊಂಡು ಹೋದರೆ, ನನ್ನ ಹೆಂಡತಿ ಕರೆಮ್ಮ ಗುಡ್ಡದ ಮೇಲೆ ಮುಳ್ಳುಬೇಲಿಯೊಳಗೆ ಮರಿ ಕಾಯುತ್ತಾಳೆ. ಬಿಸಿಲು ಜಾಸ್ತಿ, ಕೆಳಗೆ ಬಾ ಅಂದೆ.
"ಮರಿ ಬಿಟ್ಟು ಹ್ಯಾಂಗ ಬರ್ಲಿ? ನೀವ ಬಂದು ಕಾಯ್ತೀರೇನು?"
ಒಬ್ಬನೇ ಇಳಿದು ಬಂದೆ.

೧೪ ಮೇ
ರಾಯಚೂರಿನಲ್ಲಿ ಟ್ರೈನಿಂಗ್. ಭೂಮಿ ಬಿಸಿಯಾಗುತ್ತಿದೆ, ಒಣಗಾಲ ಉದ್ದವಾಗುತ್ತದೆ, ಬೆಂಕಿ ಹೆಚ್ಚುತ್ತದೆ ಎಂದರು ಸಾಹೇಬರು. ರಾಯಚೂರಿನವರಿಗೆ ಬಿಸಿಲಿನ ಪಾಠ! ಹಿಂದಿನ ಬೆಂಚಿನವರೆಲ್ಲ ನಕ್ಕೆವು. ಬಸ್ಸಿನಲ್ಲಿ ಅಪ್ಪ ನೆನಪಾದ, ನಗು ನಿಂತಿತು. ಪ್ರತಿ ವರ್ಷ ರೋಹಿಣಿ ಮಳೆಯ ಮೋಡ ಕಂಡ ಕೂಡಲೇ ಗುಡ್ಡದ ಬುಡಕ್ಕೆ ಬೆಂಕಿ ಇಡುತ್ತಾನೆ. ಹಳೇ ಹುಲ್ಲು ಸುಟ್ಟರೆ ಹೊಸ ಚಿಗುರು ದಟ್ಟವಾಗಿ ಬರುತ್ತದೆ. ಬೆಂಕಿ ಅರ್ಧ ಗುಡ್ಡ ಏರುವುದರೊಳಗೆ ಮಳೆ ಬಂದು ಆರಿಸುತ್ತದೆ. ಅದಕ್ಕೇ ಬೆಂಕಿ ದಾಟದಂತೆ ನಡುವೆ ಹುಲ್ಲು ಕೆತ್ತುವ ಪದ್ಧತಿಯೇ ನಮ್ಮಲ್ಲಿಲ್ಲ.

೨೧ ಮೇ
ಈ ವರ್ಷ ಹಚ್ಚಬೇಡ ಎಂದೆ. ಅಪ್ಪ ಸಿಡಿದ.
"ಲೇ, ನೌಕರಿ ಸಿಕ್ಕೈತಂತ ಮಳಿಗೂ ರೂಲ್ಸ್ ಹಾಕ್ತೀಯೇನು? ಹಚ್ಚಲಿಲ್ಲಂದ್ರ ಕುರಿ ಏನ್ ತಿನ್ಬೇಕು? ನಿನ್ನ ಟೊಪ್ಪಿಗೀನಾ?"
ಕರೆಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ನಗು ಬಂತು, ಏನು ಮಾಡಲಿ... ಒಂದು ಮಾತಿಗೆ ಒಪ್ಪಿದ — ಹಚ್ಚುವ ಮುಂಚೆ ಅವಳನ್ನು ಕೆಳಗಿಳಿಸುತ್ತಾನೆ.

೩೧ ಮೇ, ರಾಯಚೂರು ಆಸ್ಪತ್ರೆ
ಮೊನ್ನೆ ಮೋಡ ಕಟ್ಟಿತು. ಮಿಂಚಿತು ಕೂಡ. ಅಪ್ಪ ಕರೆಮ್ಮನನ್ನು ಇಳಿಸಿದ, ಹಚ್ಚಿದ. ಮರಿಗಳನ್ನು ಮೇಲೇ ಬಿಟ್ಟರು, ಬೆಂಕಿ ಅಲ್ಲಿಯತನಕ ಎಂದೂ ಹೋದದ್ದಿಲ್ಲ. ಮೋಡ ಮಾನ್ವಿ ಕಡೆ ಸರಿಯಿತು. ಇಲ್ಲಿ ಬರೀ ಗಾಳಿ. ಮರಿ ಕೂಗಿದ್ದು ಕೇಳಿ ಕರೆಮ್ಮ ಓಡಿದಳಂತೆ, ಬೇಲಿ ಕೀಳಲು. ಅಲ್ಲೇ ಬೆಂಕಿಗೆ ಸಿಕ್ಕು ಮೈಯೆಲ್ಲ ಸುಟ್ಟುಕೊಂಡಿದ್ದಾಳೆ. ನಾನು ದೇವದುರ್ಗದಲ್ಲಿದ್ದೆ. ಅಪ್ಪನನ್ನು ಬೈಯಬೇಕೆಂದು ಬಂದೆ. ಆಗಲಿಲ್ಲ. ಅವನ ಅಪ್ಪ ಕಲಿಸಿದ್ದನ್ನೇ ಮಾಡಿದ. ತಪ್ಪಿದ್ದು ಮಳೆ.

೨ ಜೂನ್
"ಮರಿ ಅದಾವೇನ್ರಿ?" ಎಂದು ಕೇಳಿದಳು ಕರೆಮ್ಮ.
"ಅದಾವ" ಅಂದೆ. ಒಂದೂ ಉಳಿದಿಲ್ಲ.
ಡಾಕ್ಟರು ನನ್ನ ಮುಖ ನೋಡುವುದಿಲ್ಲ. ನನಗೆ ಭಯ, ಬರೀ ಭಯ.

೫ ಜೂನ್, ಮಧ್ಯಾಹ್ನ
ಹೊರಗೆ ಧೂಳು, ಸೆಕೆ. ಕರೆಮ್ಮನಿಗೆ ಜ್ವರ. ಮಾತು ಎಲ್ಲೆಲ್ಲಿಗೋ ಹೋಗುತ್ತಿದೆ. ಅಪ್ಪನನ್ನು ಕರೆದಳು.
"ಮಾವಾ, ಹೊಸ ಹುಲ್ಲು ಬಂದಿರಬೇಕಲ್ಲ... ಮರಿ ಅಲ್ಲೇ ಬಿಡ್ರಿ."
"ಬಿಡ್ತೀನಿ ಯವ್ವಾ," ಎಂದ ಅಪ್ಪ. ಹೊರಗೆ ಬಂದು ನೆಲಕ್ಕೆ ಕುಸಿದ. "ಇನ್ನ ಯಾವ ಮೋಡ ನಂಬಬೇಕಲೇ?" ಎಂದು ಕೇಳಿದ.
ನರ್ಸಮ್ಮ ಬಾಗಿಲಿಗೆ ಬಂದು ನನ್ನ ಹೆಸರು ಕೂಗುತ್ತಿದ್ದಾಳೆ. ಅಪ್ಪ ಏಳುತ್ತಿಲ್ಲ. ನಾನೇ ಒಳಗೆ ಹೋಗಬೇಕು—