ನಾಲ್ಕು ಬೆರಳು ಒತ್ತಿದ ಅಧ್ಯಕ್ಷ

ಮುಂಡರಗಿ ಶಿಬಿರ
೧೨ ಮಾರ್ಚ್ ೧೯೪೮

ಮನೆಯಲ್ಲಿ ನನ್ನ ಬಡಾಯಿಯನ್ನು ನಗದೆ ಕೇಳುವ ಒಬ್ಬಳೇ ಒಬ್ಬಳಾದ, ಅಣ್ಣನ ಮಗಳು ಚಿರಂಜೀವಿ ಶೇಖರಮ್ಮನಿಗೆ ಕೊಟ್ರಬಸಪ್ಪ ಕಾಕಾನ ಆಶೀರ್ವಾದ.

ನಾನು ಇಲ್ಲಿ ರಾಜನ ಹಾಗೆ ಇದ್ದೇನೆ. ರಜಾಕಾರರ ಕಾಟಕ್ಕೆ ಕೊಪ್ಪಳ, ಯಲಬುರ್ಗಾ ಕಡೆಯಿಂದ ಗಡಿ ದಾಟಿ ಬಂದವರೆಲ್ಲ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಐಗಳ ಸಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವನು ಈಗ ವಕೀಲರಿಗೇ ಬುದ್ಧಿ ಹೇಳುತ್ತಾನೆ. ಸೋಮವಾರ ನನ್ನನ್ನು ದಿಲ್ಲಿಗೆ ಕಳಿಸುತ್ತಾರಂತೆ, ನಮ್ಮ ಕಡೆಯ ಸಂಕಟವನ್ನು ದೊಡ್ಡವರ ಮುಂದೆ ಹೇಳಲಿಕ್ಕೆ. ಇದನ್ನು ನಿಮ್ಮಪ್ಪನಿಗೆ ಎರಡು ಸಲ ಓದಿ ಹೇಳು.

ಮುಂದಿನದನ್ನು ನೀನೊಬ್ಬಳೇ ಓದು.

ನಾನು ಪುಢಾರಿ ಆದ ಬಗ್ಗೆ ಊರಲ್ಲಿ ಏನೇನೋ ಹೇಳುತ್ತಾರೆ. ನಡೆದದ್ದು ಇಷ್ಟು. ದೀಪಾವಳಿ ಮುಗಿದ ಮೇಲೆ ಯಲಬುರ್ಗಾದಲ್ಲಿ ಕಾಂಗ್ರೆಸ್ಸಿನವರ ಗುಟ್ಟಿನ ಸಭೆ ಇತ್ತು. ಗದಗಿನ ವಕೀಲರೊಬ್ಬರು ಮಾತಾಡುತ್ತ ಪಕ್ಕದಲ್ಲಿದ್ದ ನನ್ನ ಕೈ ಹಿಡಿದರು. ಅವರ ಶಾಲು ಜಾರಿ ಕೈಗಳ ಮೇಲೆ ಬಿತ್ತು. ಹತ್ತಿ ಪೇಟೆಯಲ್ಲಿ ಬೆಳೆದವನಿಗೆ ಬಟ್ಟೆಯ ಕೆಳಗೆ ಕೈ ಸಿಕ್ಕರೆ ಅದು ವ್ಯಾಪಾರವೇ. ದರವನ್ನು ಬೆರಳು ಒತ್ತಿ ಹೇಳುತ್ತೇವೆ, ಬಾಯಿಂದಲ್ಲ. ಚಂದಾ ಕೇಳುತ್ತಿದ್ದಾರೆ ಅಂದುಕೊಂಡು ನಾಲ್ಕು ಬೆರಳು ಒತ್ತಿದೆ, ನಾಲ್ಕು ಅಂಡಿಗೆ ಹತ್ತಿ ಕೊಡುತ್ತೇನೆ ಎಂದು. ಆ ಪುಣ್ಯಾತ್ಮನಿಗೆ ಹತ್ತಿಯೂ ಗೊತ್ತಿಲ್ಲ, ಬೆರಳೂ ಗೊತ್ತಿಲ್ಲ. ನನ್ನ ಕೈ ಹಿಡಿದೇ ಎದ್ದು ನಿಂತು, "ಕೊಟ್ರಬಸಪ್ಪನವರು ನಮ್ಮ ಸಮಿತಿಗೆ ಅಧ್ಯಕ್ಷರಾಗಲು ಒಪ್ಪಿದ್ದಾರೆ" ಅಂದುಬಿಟ್ಟರು.

ಅಲ್ಲೇ "ಇಲ್ರಿ" ಅನ್ನಬಹುದಿತ್ತು. ಆದರೆ ಜನ ಚಪ್ಪಾಳೆ ತಟ್ಟಿದರು, ಶೇಖರಮ್ಮ. ಹತ್ತಿಯ ಬೀಜ ಬಿಡಿಸುವ ನಮ್ಮ ಜಿನ್ನಿನಲ್ಲಿ ಇಪ್ಪತ್ತು ವರ್ಷ ದುಡಿದೆ. ಗಾದಿ ಅಣ್ಣನದು, ಮಾತೂ ಅಣ್ಣನದು. ಖರೀದಿಗೆಂದು ಕುಷ್ಟಗಿ, ಬೇವೂರು ಅಂತ ಬಿಸಿಲಲ್ಲಿ ಅಲೆದವನು ನಾನು. ಆ ಸದ್ದು ಕಿವಿಗೆ ಬಿದ್ದಾಗ ಬಾಯಿ ಮುಚ್ಚಿಕೊಂಡು ಹಾರ ಹಾಕಿಸಿಕೊಂಡೆ.

ಆಮೇಲೆ ನನ್ನ ಹೆಸರು ನಿಜಾಮನ ಪೊಲೀಸ್ ಅಮೀನನಿಗೆ ಮುಟ್ಟಿತು, ನಾನು ಗಡಿ ದಾಟಿ ಇಲ್ಲಿಗೆ ಬಂದೆ. ಜಿನ್ನಿಗೆ ಬೀಗ ಬೀಳಬಾರದೆಂದು ನಿಮ್ಮಪ್ಪ, "ಅವನಿಗೂ ನಮಗೂ ಸಂಬಂಧವಿಲ್ಲ" ಎಂದು ಕಚೇರಿಗೆ ಬರೆದುಕೊಟ್ಟ. ಹೊರಡುವಾಗ ಹಾಗೆ ಬರೆ ಎಂದು ಹೇಳಿದವನು ನಾನೇ. ಅಣ್ಣ ಅಷ್ಟು ಬೇಗ ಸಹಿ ಮಾಡುತ್ತಾನೆ ಅಂದುಕೊಂಡಿರಲಿಲ್ಲ, ಅಷ್ಟೇ.

ಮೊನ್ನೆ ಮಧ್ಯಾಹ್ನ ಗಂಟು ಕಟ್ಟಿಕೊಂಡು ಕೊಪ್ಪಳಕ್ಕೆ ಹೊರಟೇಬಿಟ್ಟೆ. ಅಮೀನನಿಗೆ ತಪ್ಪಾಯಿತೆಂದು ಬರೆದುಕೊಟ್ಟು ಜಿನ್ನಿನ ಮೂಲೆಯಲ್ಲಿ ಹತ್ತಿ ಆರಿಸುತ್ತ ಕೂತರಾಯಿತು ಎಂದು. ಮುಂಡರಗಿಯ ಹೊರಗೆ ಬೇವೂರಿನ ಪಕ್ಕೀರವ್ವ ಸಿಕ್ಕಳು. ನನ್ನ ಭಾಷಣ ನಂಬಿ ಮನೆ, ಎತ್ತು ಎಲ್ಲ ಬಿಟ್ಟು ಬಂದವಳು.

"ಎಲ್ಲಿಗ್ರಿ ಸಾವ್ಕಾರ್ರ, ಗಂಟು ಕಟ್ಟೀರಿ?" ಅಂದಳು.

ಗಡಿ ನೋಡಿ ಬರುತ್ತೇನೆ ಅಂದೆ.

"ನೋಡಿ ಬರ್ರಿ. ನೀವು ಅದೀರಿ ಅಂತನ ನಾವು ಬಂದೇವಿ. ನೀವ ಹ್ವಾದ್ರ ನಮ್ಮನ್ನ ಯಾರ ಕೇಳ್ತಾರ?" ಅಂದವಳು, ಬೇಡವೆಂದರೂ ನನ್ನ ಗಂಟನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ಸುಂಕದ ನಾಕಾ ಕಾಣುವವರೆಗೆ ಬಂದಳು. ಹಳ್ಳದ ದಂಡೆಯಲ್ಲಿ ನಿಂತು ಆಚೆಯ ನಮ್ಮ ಎರೆಹೊಲಗಳನ್ನು ನೋಡಿದೆ. "ಎಲ್ಲಾ ಬರೋಬರಿ ಐತಿ" ಅಂತ ಹೇಳಿ ಅವಳ ಹಿಂದೆಯೇ ತಿರುಗಿ ಬಂದೆ.

ದಿಲ್ಲಿಗೆ ಹೋದರೆ ಹೆಸರು ಪೇಪರಿನಲ್ಲಿ ಬರುತ್ತದೆ. ಆಮೇಲೆ ನಿಜಾಮನ ಸರ್ಕಾರ ಇರುವತನಕ ನನಗೆ ಕೊಪ್ಪಳ ಇಲ್ಲ. ಭಾನುವಾರದೊಳಗೆ ಅಣ್ಣ "ಬಾ" ಎಂದು ಒಂದೇ ಅಕ್ಷರ ಬರೆದರೆ ಸಾಕು, ಪಕ್ಕೀರವ್ವನ ಕಣ್ಣು ತಪ್ಪಿಸಿಯಾದರೂ ಬರುತ್ತೇನೆ. ಬೇಡ, ಅವನಿಗೆ ಹೇಳಬೇಡ. ಹೇಳಿದರೂ ಹೇಳು. ಈ ಪತ್ರ ತರುವ ಗಾಡಿಯ ಹಾಜಿಸಾಬ ಉತ್ತರಕ್ಕೆ ಕಾಯುತ್ತಾನೆ.

ಯಾವುದಕ್ಕೂ ಹೆದರದ ನಿನ್ನ ಕಾಕಾ,
ಕೊಟ್ರಬಸಪ್ಪ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಶಿಬಿರದ ಕಾರಕೂನ ಈಶಪ್ಪ ದಿಲ್ಲಿಗೆ ಹೋಗುವವರ ಕಾಗದ ತುಂಬಿಸಲು ಬಂದ. "ಉದ್ಯೋಗ ಏನಂತ ಬರೀಲ್ರಿ?" ಅಂದ. ಜಿನ್ನು ಎಂದರೆ ಅಣ್ಣನಿಗೆ ತೊಂದರೆ. ನೀನೇ ಏನಾದರೂ ಬರೆ ಅಂದೆ. "ದೇಶಸೇವೆ ಅಂತ ಬರೀತೀನಿ ತಗೋರಿ" ಎಂದು ಅವನೇ ಬರೆದ. ನಾನು ಸಹಿ ಮಾಡಿದೆ. ಇನ್ನು ಉತ್ತರ ಬೇಡ. ದಿಲ್ಲಿ ದಾರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡು. ಯಾರಿಗೆ ಎಂದು ನಿಮ್ಮಪ್ಪ ಕೇಳಿದರೆ, ಹಾಜಿಸಾಬನಿಗೆ ಅನ್ನು.