ಕೋಟೆಯ ದಾರಿಯಲ್ಲಿ ಒಂಬತ್ತು ನಿಮಿಷ

ಜಾಲಹಳ್ಳಿ
14 ಜುಲೈ 2018, ಶನಿವಾರ ಬೆಳಿಗ್ಗೆ

ಪ್ರೀತಿಯ ಕಲಾವತಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಶಿಲ್ಪ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಮಗಳ ಬಾಣಂತನವೆಂದು ಕೂಸಿಗೆ ದಿನಾ ನೀನೇ ಎಣ್ಣೆ ನೀರು ಹಾಕಿ ಸೊಂಟ ಮುರಿದುಕೊಳ್ಳಬೇಡ. ದಾವಣಗೆರೆಯಲ್ಲಿ ಎರೆಯುವವರು ಸಿಗದೆ ಇರುತ್ತಾರೆಯೇ, ಅಳಿಯನಿಗೆ ಹೇಳು. ಇಲ್ಲಿ ನನ್ನ ಊಟಕ್ಕೆ ತೊಂದರೆಯಿಲ್ಲ, ನೀನು ಮಾಡಿಟ್ಟ ಹುಳಿಪುಡಿ ಇನ್ನೂ ಅರ್ಧ ಡಬ್ಬ ಇದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಪೂರ್ತಿ ಆಡಲು ಬಿಡುವುದಿಲ್ಲ. ಈ ವಿಷಯಕ್ಕೆ ಮಧ್ಯೆ ಬಾಯಿ ಹಾಕುವವರು ಇರಬಾರದು, ಏಕೆಂದರೆ ನನಗೆ ವಿಪರೀತ ಸಿಟ್ಟು ಬಂದಿದೆ.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ಗದಗದ ಹುಡುಗಿ ಸ್ಮಿತಾ ಏನು ಕೆಲಸ ಮಾಡುತ್ತಾಳೆಂದು ನೀನು ಕೇಳುತ್ತಲೇ ಇದ್ದೆ. ಈಗ ಗೊತ್ತಾಯಿತು. ಸಂಜಯನಗರದ ಒಂದು ಚಿಕ್ಕ ಕಂಪನಿಯಲ್ಲಿ ಕಂಪ್ಯೂಟರ್ ಆಟಗಳಿಗೆ ಕಥೆ ಬರೆಯುತ್ತಾಳಂತೆ. ನೀನು ಹೋದ ಮರುವಾರ ಬಂದು, "ಅಂಕಲ್, ನಮಗ ಆಟದ ಗಂಧಗಾಳಿ ಗೊತ್ತಿಲ್ಲದವರು ಒಬ್ಬರು ಬೇಕಾಗ್ಯಾರ್ರೀ. ಆಡಿ ನೋಡಿ, ಎಲ್ಲಿ ತಪ್ಪೈತಿ ಹೇಳ್ರಿ ಸಾಕು" ಎಂದಳು. ನಿವೃತ್ತನಾಗಿ ನಾಲ್ಕು ವರ್ಷವಾಯಿತು, ನನ್ನ ಅಭಿಪ್ರಾಯವನ್ನು ಕೇಳಿದವರು ಇವಳೊಬ್ಬಳೇ. ಬಿಇಎಲ್ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ ಎಂಟು ದಿನ ಹೋದೆ.

ಆಟದ ನಾಯಕ ಆವಲಪ್ಪ ಎಂಬ ರೈತ. ಅವನ ಮಗನನ್ನು ದರೋಡೆಕೋರರು ಹೊತ್ತೊಯ್ದು ಬೆಟ್ಟದ ಕೋಟೆಯಲ್ಲಿ ಇಟ್ಟಿದ್ದಾರೆ. ಮೊದಲಿಗೇ ಒಬ್ಬ ಮುದುಕಿ ಎದೆ ಬಡಿದುಕೊಂಡು, "ಬೇಗ ಹೋಗಪ್ಪಾ, ಅಮಾವಾಸ್ಯೆ ಒಳಗೆ ಹೋಗ್ದಿದ್ರೆ ಮಗ ಉಳಿಯಲ್ಲ" ಎನ್ನುತ್ತಾಳೆ. ಆವಲಪ್ಪನನ್ನು ಆಡಿಸುವವನು ನಾನು. ಎದ್ದು ಓಡಿದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಬ್ಬಳು ಅಡ್ಡ ಬಂದು, ಕೋಳಿ ತಪ್ಪಿಸಿಕೊಂಡಿವೆ, ಹಿಡಿದುಕೊಡು ಎಂದಳು. ಆಚೆ ಒಬ್ಬನಿಗೆ ಹತ್ತು ಕಟ್ಟು ಸೊಪ್ಪು ಬೇಕು. ಇನ್ನೊಬ್ಬನಿಗೆ ನನ್ನ ಜೊತೆ ಓಟದ ಪಂದ್ಯ ಬೇಕು! ಇವಕ್ಕೆಲ್ಲ ಸೈಡ್ ಕ್ವೆಸ್ಟ್ ಎನ್ನುತ್ತಾರಂತೆ, ಅಂದರೆ ಮುಖ್ಯ ಕಥೆಯ ಪಕ್ಕದಲ್ಲಿ ಬರುವ ಚಿಲ್ಲರೆ ಕೆಲಸಗಳು. ಎಲ್ಲಿ ಬೇಕಾದರೂ ಅಲೆಯಬಹುದಾದ ದೊಡ್ಡ ಲೋಕವಂತೆ ಅದು, ಯಾವುದನ್ನು ಯಾವಾಗ ಬೇಕಾದರೂ ಮಾಡಬಹುದಂತೆ. ಮಾಡಿದೆ. ಐದು ದಿನ ಕಳೆದರೂ ಅಮಾವಾಸ್ಯೆ ಬರಲೇ ಇಲ್ಲ. ಚಂದ್ರ ಅಲ್ಲಿಯೇ ಇದ್ದ, ತುಂಡು ಬೆಲ್ಲದ ಹಾಗೆ. ಎಂಥ ಸುಳ್ಳು ನೋಡು! ಮಗನ ಪ್ರಾಣದ ವಿಷಯದಲ್ಲಿ ಹೀಗೆ ಸುಳ್ಳು ಹೇಳಬಹುದೇ?

ಆ ಲೋಕದಲ್ಲಿ ನನ್ನ ಮನಸ್ಸಿಗೆ ಹಿಡಿಸಿದವಳು ಒಬ್ಬಳೇ, ಕುಂಬಾರರ ಚಂದ್ರವ್ವ. ಮಳೆಗೆ ಅವಳು ಗಡಿಗೆ ಸುಡುವ ಆವಿಗೆ ಕುಸಿದಿದೆ. ಇಟ್ಟಿಗೆ ಹೊತ್ತು ಕಟ್ಟಿಕೊಡುತ್ತಿದ್ದರೆ ತನ್ನ ಗಂಡನ ಕಥೆ, ಮುನಿಸಿಕೊಂಡು ಹೋಗಿ ಕೋಟೆಯಲ್ಲಿ ಕಾವಲಿಗೆ ಸೇರಿದ ತಮ್ಮನ ಕಥೆ ಎಲ್ಲ ಹೇಳುತ್ತಾಳೆ. ಗಡಿಗೆ ತಟ್ಟಿ ಸದ್ದು ಕೇಳಿ, "ಇದು ಬೆಂದಿಲ್ಲ ನೋಡಪ್ಪ" ಎನ್ನುತ್ತಾಳೆ. ಮೂವತ್ತಮೂರು ವರ್ಷ ಎರಕದ ವಿಭಾಗದಲ್ಲಿ ದುಡಿದ ನನಗೆ ಆ ಮಾತಿನ ಬೆಲೆ ಗೊತ್ತು. ಅದನ್ನು ಬರೆದವಳು ಸ್ಮಿತಾ. ಅವರ ಯಜಮಾನ ನಂದಕುಮಾರ್ ಎಂಬಾತ ಏನು ಮಾಡಿದ ಗೊತ್ತೇ? ಚಂದ್ರವ್ವನ ಭಾಗ ಉದ್ದವಾಯಿತು, ತೆಗೆಯಿರಿ ಎಂದ. ಕೋಳಿ ಹಿಡಿಯುವುದು, ಸೊಪ್ಪು ಕೀಳುವುದು, ಅಂಥವು ನಲವತ್ತು ಇದ್ದವು. ಅವೆಲ್ಲ ಇರಲಿ ಎಂದ. "ಮ್ಯಾಪ್ ಖಾಲಿ ಕಾಣ್ಬಾರ್ದು ಅಂಕಲ್" ಎಂದು ನನಗೇ ಪಾಠ ಹೇಳಿದ. "ಖಾಲಿ ಕಾಣುತ್ತೆ ಅಂತ ಮನೆ ಒಳಗೆ ಕಸ ಸುರೀತೀರೇನ್ರೀ?" ಎಂದು ಎಲ್ಲರೆದುರಿಗೇ ಕೇಳಿಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಹೆತ್ತ ಮಗ ಕೋಟೆಯಲ್ಲಿ ಬಿದ್ದಿರುವಾಗ ಯಾವ ಅಪ್ಪ ಕೋಳಿ ಹಿಂದೆ ಓಡುತ್ತಾನೆ, ಇದನ್ನು ಬರೆದ ನಿಮಗೆ ಅಪ್ಪ ಅಮ್ಮ ಇಲ್ಲವೇ ಎಂದು ಮೇಜು ಕುಟ್ಟಿದೆ.

ಆಗ ಜಹೀರ್ ಎಂಬ ಹುಡುಗ, ಯಾರು ಎಷ್ಟು ಹೊತ್ತು ಎಲ್ಲಿ ಆಡಿದರು ಎಂದು ಲೆಕ್ಕ ಇಡುವವನು, ಮೆಲ್ಲಗೆ ಪರದೆಯನ್ನು ನನ್ನ ಕಡೆ ತಿರುಗಿಸಿದ. "ಬೇಜಾರ್ ಮಾಡ್ಕೋಬೇಡಿ ಅಂಕಲ್. ನೀವ್ ಒಟ್ಟು ಹನ್ನೊಂದ್ ಗಂಟೆ ಆಡಿದೀರ. ಕೋಟೆ ದಾರೀಲಿ ಇದ್ದಿದ್ದು ಒಂಬತ್ತೇ ನಿಮಿಷ" ಎಂದ. ಕೋಳಿಗಳನ್ನು ಮೂರು ಸಲ ಹಿಡಿದಿದ್ದೆನಂತೆ. ಅವನು ಗೇಲಿ ಮಾಡಲಿಲ್ಲ, ಗೇಲಿ ಮಾಡಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ. ಜೋಲುಮೋರೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಹುಡುಗನನ್ನೇ ಬೈದುಕೊಂಡೆ. ಆದರೆ ಲೆಕ್ಕ ಸುಳ್ಳಲ್ಲ, ಕಲಾ. ಕೋಟೆ ಕಣ್ಣಿಗೆ ಬಿದ್ದಾಗಲೆಲ್ಲ ಯಾವುದಾದರೂ ಕೆಲಸ ನೆನಪಾಗಿ ನಾನೇ ಹಿಂದಿರುಗುತ್ತಿದ್ದೆ. ಯಾರೂ ತಡೆದಿರಲಿಲ್ಲ.

ಮರುದಿನ ಹೋಗಿ, ತಪ್ಪು ನನ್ನದೂ ಇದೆ, ನಿಮ್ಮದೂ ಇದೆ ಎಂದೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಮೇಲೆ ಆರುವ ತನಕ ಯಾರೂ ಅದನ್ನು ಮುಟ್ಟುವಂತಿರಲಿಲ್ಲ, ಆ ಹೊತ್ತಿನಲ್ಲಿ ಮುಂದಿನ ಅಚ್ಚು ಸಿದ್ಧಮಾಡುತ್ತಿದ್ದೆವು, ಅದು ಮೈಗಳ್ಳತನವಲ್ಲ ಎಂದು ವಿವರಿಸಿದೆ. ಸುಳ್ಳು ಅಮಾವಾಸ್ಯೆ ತೆಗೆಯಿರಿ ಎಂದೆ. ಬೆಟ್ಟದ ಹೊಳೆ ತುಂಬಿ ಹರಿಯಲಿ, ನೀರಿಳಿಯಲು ಏಳು ದಿನ ಬೇಕು ಎಂದು ಅಂಬಿಗ ಹೇಳಲಿ. ಆಗ ಅಪ್ಪನಿಗೆ ಕಾಯಲು ಕಾರಣವಿರುತ್ತದೆ. ಚಂದ್ರವ್ವನಿಗೆ ನೆರವಾಗಿದ್ದರೆ ಅವಳ ತಮ್ಮ ಕೋಟೆಯ ಹಿಂಬಾಗಿಲು ತೆಗೆಯಲಿ. ಇಲ್ಲದಿದ್ದರೆ ಆವಲಪ್ಪ ಗೋಡೆ ಹತ್ತಿ ಸಾಯಲಿ. ನೀರಿಳಿದ ಮೇಲೂ ಕೋಳಿ ಹಿಡಿಯುತ್ತಾ ಕುಳಿತವನಿಗೆ ಊರವರೇ ಉಗಿಯಲಿ! ಸ್ಮಿತಾ ಚಪ್ಪಾಳೆ ತಟ್ಟಿದಳು. ನಂದಕುಮಾರ್ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ನಲವತ್ತರಲ್ಲಿ ಮೂವತ್ತೊಂದನ್ನು ಹೊಡೆದುಹಾಕಿ ಚಂದ್ರವ್ವನನ್ನು ಉಳಿಸಿದ. ಆಟದ ಕೊನೆಗೆ ನನಗೆ ಕೃತಜ್ಞತೆ ಎಂದು ಹೆಸರು ಹಾಕಿದ್ದರು, 'ರಾಮಕೃಷ್ಣ' ಎಂದು! ನಮ್ಮಪ್ಪ ಇಟ್ಟ ಹೆಸರಿನ ಬಾಲ ಕತ್ತರಿಸಲು ಇವರು ಯಾರು? ನಿಂತು ತಿದ್ದಿಸಿ ಬಂದೆ.

ಅವರು ತಿದ್ದಿಕೊಟ್ಟ ಆಟದಲ್ಲಿ ನಿನ್ನೆ ಹೊಳೆ ದಾಟಿ ಕೋಟೆಗೆ ಹೋದೆ. ಚಂದ್ರವ್ವನ ತಮ್ಮ ಬಾಗಿಲು ತೆಗೆದ. ಮಗ ಓಡಿಬಂದು ತಬ್ಬಿಕೊಳ್ಳುತ್ತಾನೆಂದು ಕಾದಿದ್ದೆ. ಅವನು ಗೋಡೆಗೆ ಒರಗಿ ನಿಂತು, "ಇಷ್ಟು ದಿನ ಎಲ್ಲಿದ್ದೆ ಅಪ್ಪಾ?" ಎಂದ. ಉತ್ತರಕ್ಕೆ ಮೂರು ಸಾಲು ಬಂದವು, ಒಂದನ್ನು ಒತ್ತಬೇಕು. ಮೂರನ್ನೂ ಮತ್ತೆ ಮತ್ತೆ ಓದಿದೆ. ಒಂದೂ ಸರಿಯಿರಲಿಲ್ಲ. ಜಹೀರ್ ನೀರು ತಂದಿಟ್ಟ. ಕೊನೆಗೆ, ಅಪ್ಪನಾದವನು ಆಡಬೇಕಾದ ಮಾತೇ ಇಲ್ಲವಲ್ಲ, ಇದೇನು ಬರೆದಿದ್ದೀಯೆ ಎಂದು ಸ್ಮಿತಾಳ ಮೇಲೆ ಕೂಗಾಡಿ ಎದ್ದು ಬಂದೆ. ಪಾಪ, ಅವಳು, "ಹಂಗಾರ ಏನು ಬರೀಲಿ, ನೀವ ಹೇಳ್ರಿ ಅಂಕಲ್" ಎಂದು ಬಾಗಿಲವರೆಗೂ ಹಿಂದೆಯೇ ಬಂದಳು. ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ.

ಶಿಲ್ಪಳಿಗೂ ಕೂಸಿಗೂ ನನ್ನ ಆಶೀರ್ವಾದ. ಅಳಿಯನಿಗೂ ಬೀಗರಿಗೂ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ರಾಮಕೃಷ್ಣಪ್ಪ

ಮರುಬರಹ: ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದವನು ಮತ್ತೆ ಕುಳಿತು ಬರೆಯುತ್ತಿದ್ದೇನೆ. ನಮ್ಮ ಮುನೀಂದ್ರ ಕನೀಜ್‌ಳನ್ನು ಮದುವೆಯಾಗಿ ಬಂದ ದಿನ, ಈ ಹೊಸಿಲು ತುಳಿಯಬೇಡ ಎಂದು ನಾನು ಹೆತ್ತ ಮಗನಿಗೆ ಹೇಳಿ ಆರು ವರ್ಷವಾಯಿತು. ನೀನು ಅಕ್ಕನ ಮನೆಗೆಂದು ಹೇಳಿ ತಿಂಗಳಿಗೊಮ್ಮೆ ಯಲಹಂಕಕ್ಕೆ ಹೋಗಿ ಅವರನ್ನು ನೋಡಿಬರುವುದು ನನಗೆ ಮೊದಲಿನಿಂದಲೂ ಗೊತ್ತು. ಜಗಳಕ್ಕೆ ಬರೆಯುತ್ತಿಲ್ಲ. ಯಾವ ಸ್ಟಾಪಿನಲ್ಲಿ ಇಳಿಯಬೇಕು, ಯಾವ ಕ್ರಾಸು, ಮನೆ ನಂಬರೆಷ್ಟು, ಕಾಗದ ಕೈಸೇರಿದ ಕೂಡಲೇ ಫೋನ್ ಮಾಡಿ ಹೇಳು. ಅವನಿಗೆ ಮೊದಲೇ ತಿಳಿಸಬೇಡ. ಬರಿಗೈಯಲ್ಲಿ ಹೋಗುವುದು ಹೇಗೆ? ಆ ಹುಡುಗಿಗೆ ಏನು ಇಷ್ಟ ಎಂಬುದನ್ನೂ ಹೇಳು.